ಹಳೆ ಪವರ್ ಆಂಪ್ ಬ್ರಿಡ್ಜ್ ಮಾಡಿ ಬೇಸ್ ಬಾಕ್ಸ್ ನಡೆಸುವುದು: ಓಮ್ ಲೆಕ್ಕದಿಂದ ಜಾತ್ರೆ ಗದ್ದೆಯವರೆಗೆ

ಹಳೆಯ ಎರಡು ಚಾನೆಲ್ಲಿನ ಪವರ್ ಆಂಪ್ (ಆಂಪ್ಲಿಫೈಯರ್) ಕೈಗೆ ಬಂದರೆ ಹೆಚ್ಚಿನವರ ಕಣ್ಣು ಮೊದಲು ಬೀಳುವುದು ಹಿಂಬದಿಯ ಬ್ರಿಡ್ಜ್ ಸ್ವಿಚ್ಚಿನ ಮೇಲೆ, ಅಂದರೆ ಎರಡು ಚಾನೆಲ್ ಸೇರಿಸಿ ಒಂದಾಗಿ ದುಡಿಸುವ ಸ್ವಿಚ್ಚಿನ ಮೇಲೆ. 300+300 ವಾಟಿನ ಆಂಪ್ ಅದೊಂದು ಸ್ವಿಚ್ ಒತ್ತಿದರೆ 900 ವಾಟ್ ಕೊಡುತ್ತದೆ ಎಂದು ಕಂಪನಿಯ ಪುಸ್ತಕವೇ ಹೇಳುತ್ತದೆ. ಮಾತು ಸುಳ್ಳಲ್ಲ. ಎಷ್ಟು ಓಮಿಗೆ ಎನ್ನುವುದನ್ನು ಮಾತ್ರ ಯಾರೂ ಓದುವುದಿಲ್ಲ. ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಅದು ಕಡಿಮೆಯಾದಷ್ಟೂ ಆಂಪ್ ಹೆಚ್ಚು ದುಡಿಯಬೇಕು. ಸಿರಸಿ, ಕುಮಟಾ ಕಡೆ ರಿಪೇರಿಗೆ ಬರುವ ಬ್ರಿಡ್ಜ್ ಆಂಪುಗಳಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ: ಎಷ್ಟು ಬಾಕ್ಸ್ ಹಾಕಿದ್ದಿರಿ, ಹೇಗೆ ಜೋಡಿಸಿದ್ದಿರಿ?

ಒಳಗೆ ಏನಾಗುತ್ತದೆ

ಮಾಮೂಲಿ ಸ್ಟೀರಿಯೊದಲ್ಲಿ ಪ್ರತಿ ಚಾನೆಲ್ಲಿನ ಕೆಂಪು ಟರ್ಮಿನಲ್ ಮಾತ್ರ ಮೇಲೆ ಕೆಳಗೆ ಆಡುತ್ತದೆ, ಕಪ್ಪು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಕೂತಿರುತ್ತದೆ. ಬ್ರಿಡ್ಜ್ ಮಾಡಿದಾಗ ಒಂದೇ ಸಿಗ್ನಲ್ ಎರಡೂ ಚಾನೆಲ್ಲಿಗೆ ಹೋಗುತ್ತದೆ, ಆದರೆ ಎರಡನೆಯದಕ್ಕೆ ತಲೆಕೆಳಗಾಗಿ. ಒಂದು ಕೆಂಪು 40 ವೋಲ್ಟ್ ಮೇಲೇರಿದ ಕ್ಷಣಕ್ಕೆ ಇನ್ನೊಂದು ಕೆಂಪು 40 ವೋಲ್ಟ್ ಕೆಳಗಿಳಿದಿರುತ್ತದೆ. ಸ್ಪೀಕರನ್ನು ಎರಡೂ ಕೆಂಪುಗಳ ನಡುವೆ ಕಟ್ಟಿದರೆ ಅದಕ್ಕೆ ಸಿಗುವುದು 80 ವೋಲ್ಟ್. ದೋಣಿಯ ಎರಡು ಬದಿಗೆ ಇಬ್ಬರು ನಿಂತು ಒಬ್ಬ ನೂಕಿ, ಇನ್ನೊಬ್ಬ ಎಳೆದ ಹಾಗೆ.

ವೋಲ್ಟೇಜ್ ಎರಡು ಪಟ್ಟಾದರೆ ಅದೇ ಓಮಿಗೆ ವಾಟ್ ನಾಲ್ಕು ಪಟ್ಟಾಗಬೇಕು. ಕಾಗದದ ಮೇಲೆ 300 ವಾಟ್ 1200 ಆಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಅವೇ, ಅವು ಅಷ್ಟು ಕರೆಂಟು ಕೊಡುವಾಗ ಬಗ್ಗುತ್ತವೆ. ನಂಬಬಹುದಾದ ಲೆಕ್ಕ ಬೇರೆ ಇದೆ. ಪ್ರತಿ ಚಾನೆಲ್ 4 ಓಮಿಗೆ ಎಷ್ಟು ವಾಟ್ ಕೊಡುತ್ತದೋ ಅದರ ಎರಡರಷ್ಟು, 8 ಓಮ್ ಬ್ರಿಡ್ಜಿಗೆ. 8 ಓಮಿಗೆ 300 ಕೊಡುವ ಆಂಪ್ 4 ಓಮಿಗೆ 450 ಕೊಟ್ಟರೆ ಬ್ರಿಡ್ಜಿನಲ್ಲಿ 8 ಓಮಿಗೆ 900. ಪುಸ್ತಕ ಕಳೆದುಹೋದ ಆಂಪಿಗೂ ಈ ಲೆಕ್ಕ ನಡೆಯುತ್ತದೆ.

ಈ ಲೆಕ್ಕದ ಹಿಂದೆಯೇ ಇಡೀ ವಿಷಯ ಅಡಗಿದೆ. ಸ್ಪೀಕರನ್ನು ಎರಡು ಚಾನೆಲ್ ಹಂಚಿಕೊಂಡಾಗ ಪ್ರತಿ ಚಾನೆಲ್ಲಿಗೆ ಕಾಣುವುದು ಅದರ ಓಮಿನ ಅರ್ಧದಷ್ಟೇ. 8 ಓಮಿನ ಬಾಕ್ಸ್ ಹಾಕಿದರೆ ಒಂದೊಂದು ಚಾನೆಲ್ 4 ಓಮ್ ಎಳೆದಷ್ಟೇ ದುಡಿಯುತ್ತದೆ. 4 ಓಮ್ ಹಾಕಿದರೆ 2 ಓಮ್ ಎಳೆದಷ್ಟು. ಹಳೆ ಆಂಪಿನ ಹಿಂದೆ ಸ್ಟೀರಿಯೊದಲ್ಲಿ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಬ್ರಿಡ್ಜಿನಲ್ಲಿ ಕನಿಷ್ಠ 8 ಓಮ್. ಕನಿಷ್ಠ 2 ಓಮ್ ಎಂದು ಬರೆದಿದ್ದರೆ ಮಾತ್ರ ಬ್ರಿಡ್ಜಿನಲ್ಲಿ 4 ಓಮಿಗೆ ಇಳಿಯಬಹುದು. ಹಾಗೆ ಬರೆದಿದ್ದರೂ ಹದಿನೈದು ಇಪ್ಪತ್ತು ವರ್ಷದ ಆಂಪನ್ನು ರಾತ್ರಿಯಿಡೀ 4 ಓಮಿನಲ್ಲಿ ದುಡಿಸದಿರುವುದು ಜಾಣತನ.

ಬಾಕ್ಸುಗಳನ್ನು ಎಷ್ಟು ಓಮಿಗೆ ತರಬೇಕು

ಬಾಕ್ಸಿನ ಹಿಂದಿನ ಸ್ಟಿಕ್ಕರ್ ನಂಬಬೇಡಿ, ಒಮ್ಮೆ ಮರುಸುತ್ತಿಸಿದ ಕಾಯಿಲ್ (ಸ್ಪೀಕರಿನ ಒಳಗಿನ ತಂತಿ ಸುರುಳಿ) ಯಾವ ಓಮಿನದೋ ಗೊತ್ತಾಗುವುದಿಲ್ಲ. ಮಲ್ಟಿಮೀಟರನ್ನು 200 ಓಮ್ ರೇಂಜಿಗೆ ಇಟ್ಟು ಕೇಬಲಿನ ತುದಿಯಲ್ಲೇ ಅಳೆಯಿರಿ. 8 ಓಮಿನ ಬಾಕ್ಸ್ ಸುಮಾರು 5.5ರಿಂದ 6.5 ತೋರಿಸುತ್ತದೆ, 4 ಓಮಿನದು 3ರಿಂದ 3.5. ಮೀಟರಿನ ಎರಡು ಕಡ್ಡಿ ತಾಗಿಸಿದಾಗ ಬರುವ 0.2, 0.3 ಅನ್ನು ಕಳೆಯಲು ಮರೆಯಬೇಡಿ.

8 ಓಮಿನ ಒಂದು ಬಾಕ್ಸ್ ಬ್ರಿಡ್ಜಿಗೆ ಸರಿ. ಎರಡನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಹಾಕಿದರೆ 4 ಆಗುತ್ತದೆ, ಕನಿಷ್ಠ 8 ಓಮಿನ ಆಂಪ್ ಸಾಯುವುದು ಇಲ್ಲೇ. ಬಾಕ್ಸಿನ ಹಿಂದೆ ಇರುವ ಎರಡು ಸಾಕೆಟ್ ಒಳಗೆ ಪ್ಯಾರಲಲ್ ಆಗಿಯೇ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಲೂಪ್ ಹೊಡೆದರೆ ತಿಳಿಯದೆಯೇ 4 ಓಮಿಗೆ ಇಳಿದಿರುತ್ತೀರಿ. 4 ಓಮಿನ ಎರಡನ್ನು ಸೀರೀಸ್ (ಒಂದರ ಮೈನಸ್ ಇನ್ನೊಂದರ ಪ್ಲಸ್ಸಿಗೆ) ಹಾಕಿದರೆ 8. ಎಂಟೆಂಟು ಓಮಿನ ನಾಲ್ಕು ಬಾಕ್ಸ್ ಇದ್ದರೆ ಎರಡೆರಡನ್ನು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿದರೆ ಮತ್ತೆ 8. ಸೀರೀಸ್ ಹಾಕುವ ಎರಡು ಸ್ಪೀಕರ್ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ರೀತಿಯ ಪೆಟ್ಟಿಗೆಯವು ಆಗಿರಬೇಕು. ಇಲ್ಲವಾದರೆ ಒಂದು ಹೆಚ್ಚು ವೋಲ್ಟೇಜ್ ನುಂಗಿ ಮೊದಲು ಸುಡುತ್ತದೆ.

ಬ್ರಿಡ್ಜ್ ನಿಜಕ್ಕೂ ಬೇಕೇ?

ಬಹಳ ಸಲ ಬೇಡ. ಎಂಟೆಂಟು ಓಮಿನ ಎರಡು ಬಾಕ್ಸ್, 300+300ರ ಒಂದು ಆಂಪ್ ಇದ್ದವರು ಒಂದೊಂದು ಚಾನೆಲ್ಲಿಗೆ ಒಂದೊಂದು ಬಾಕ್ಸ್ ಹಾಕಿ ಎರಡನ್ನೂ ಪಕ್ಕಪಕ್ಕ ಇಡಲಿ. ಒಂದು ಬಾಕ್ಸಿಗೆ 300 ವಾಟ್ ಕೊಡುವುದಕ್ಕೆ ಹೋಲಿಸಿದರೆ ಹೀಗೆ ಸುಮಾರು 6 ಡೆಸಿಬೆಲ್ ಹೆಚ್ಚು ಸಿಗುತ್ತದೆ. ವಾಟ್ ಇಮ್ಮಡಿಯಾಗಿದ್ದಕ್ಕೆ 3, ತಗ್ಗಿನ ಸ್ವರದಲ್ಲಿ ಎರಡು ಕೋನ್ ಕೂಡಿ ಗಾಳಿ ತಳ್ಳುವುದಕ್ಕೆ ಇನ್ನು 3. ಅದೇ ಆಂಪನ್ನು ಬ್ರಿಡ್ಜ್ ಮಾಡಿ ಒಂದೇ ಬಾಕ್ಸಿಗೆ 900 ಕೊಟ್ಟರೆ ಹೆಚ್ಚುವುದು 4.8 ಡೆಸಿಬೆಲ್, ಜೊತೆಗೆ ಕಾಯಿಲ್ ಸುಡುವ ಭಯ. ಬ್ರಿಡ್ಜ್ ಮಾಡಿದಾಗ ಆಂಪಿನ ಡ್ಯಾಂಪಿಂಗ್ ಫ್ಯಾಕ್ಟರ್ (ಕೋನಿನ ಓಲಾಟ ಹಿಡಿದಿಡುವ ಶಕ್ತಿಯ ಅಳತೆ) ಅರ್ಧಕ್ಕೆ ಇಳಿಯುತ್ತದೆ ಎನ್ನುವುದೂ ನೆನಪಿರಲಿ, ಉದ್ದ ತೆಳು ಕೇಬಲ್ ಸೇರಿದರೆ ಬೇಸ್ ಸಡಿಲಾಗಿ ಕೇಳುತ್ತದೆ.

ಹಾಗಾದರೆ ಯಾವಾಗ? 500 ವಾಟಿಗೂ ಮೇಲಿನ 18 ಇಂಚಿನ ಬಾಕ್ಸಿದೆ, ಕೈಯಲ್ಲಿರುವುದು ಸಣ್ಣ ಆಂಪುಗಳು. ಆಗ ಬಾಕ್ಸಿಗೊಂದು ಆಂಪ್ ಬ್ರಿಡ್ಜ್ ಮಾಡುವುದು ಲೆಕ್ಕಕ್ಕೆ ಕೂರುತ್ತದೆ. ನಾಲ್ಕು ಬಾಕ್ಸನ್ನು 8 ಓಮಿಗೆ ತಂದು ಒಂದೇ ಆಂಪಿನಿಂದ ನಡೆಸುವುದೂ ಸರಿಯಾದ ಉಪಯೋಗ.

ಎಲ್ಲಾ ಆಂಪಿಗೂ ಬ್ರಿಡ್ಜ್ ಇಲ್ಲ. ದೇವಸ್ಥಾನ, ಶಾಲೆಗಳಲ್ಲಿ ಕಾಣುವ ಅಹುಜಾ ಮಾದರಿಯ 100 ವೋಲ್ಟ್ ಲೈನಿನ ಮೈಕ್ ಸೆಟ್ ಆಂಪುಗಳು ಒಂದೇ ಚಾನೆಲ್ಲಿನವು. ಎರಡು ಮೈಕ್ ಸೆಟ್ ಆಂಪನ್ನು ಸೇರಿಸಿ ಬ್ರಿಡ್ಜ್ ಮಾಡುವ ಸಾಹಸ ಬೇಡ. ಕಾರಿನ ಸ್ಟೀರಿಯೊ ಐಸಿಗಳಲ್ಲಿ ಹಲವು ಒಳಗೇ ಬ್ರಿಡ್ಜ್ ಆಗಿರುತ್ತವೆ, ಅವನ್ನು ಮತ್ತೆ ಬ್ರಿಡ್ಜ್ ಮಾಡಲಾಗದು. ಕಪ್ಪು ಟರ್ಮಿನಲಿನಿಂದ ಚಾಸಿಗೆ ಮೀಟರ್ ಹಿಡಿದಾಗ ಸೊನ್ನೆಯ ಹತ್ತಿರ ಬರದಿದ್ದರೆ ಸರ್ಕ್ಯೂಟ್ ನೋಡದೆ ಮುಂದುವರಿಯಬೇಡಿ.

ಹಳೆ ಆಂಪಿನ ತಪಾಸಣೆ

ಇಲ್ಲಿ ಅವಸರ ಮಾಡಿದವರು ಆಮೇಲೆ ಔಟ್‌ಪುಟ್ ಟ್ರಾನ್ಸಿಸ್ಟರಿನ ಸಾಲು ಸಾಲನ್ನೇ ಕೊಳ್ಳುತ್ತಾರೆ. ಬೇಕಾಗುವುದು: ಮಲ್ಟಿಮೀಟರ್, ಆಂಪಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾಯುವ, 200 ವಾಟಿನ ಹಳೆ ಬಲ್ಬ್ ಇರುವ ಸೀರೀಸ್ ಬೋರ್ಡ್ (ಬಲ್ಬ್ ಸಿಗದಿದ್ದರೆ ಹ್ಯಾಲೋಜನ್ ನಡೆಯುತ್ತದೆ, ಎಲ್‌ಇಡಿ ನಡೆಯುವುದಿಲ್ಲ), ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಮೆತ್ತನೆ ಬ್ರಶ್, 100 ಓಮ್ 10 ವಾಟಿನ ವೈರ್‌ವೌಂಡ್ ರೆಸಿಸ್ಟರ್.

ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಪ್ಲಸ್ 70, ಮೈನಸ್ 70 ವೋಲ್ಟ್ ಉಳಿದಿರಬಹುದು, ಎರಡೂ ಸೇರಿದರೆ 140. ಪ್ರತಿ ರೈಲಿನಿಂದ (ಆ ಪ್ಲಸ್, ಮೈನಸ್ ವೋಲ್ಟ್ ಸಾಗುವ ಲೈನಿನಿಂದ) ಗ್ರೌಂಡಿಗೆ ಆ ರೆಸಿಸ್ಟರನ್ನು ಐದಾರು ಸೆಕೆಂಡ್ ಹಿಡಿಯಿರಿ, ಮೀಟರಿನಲ್ಲಿ 2 ವೋಲ್ಟಿಗಿಂತ ಕೆಳಗಿಳಿದ ಮೇಲೆ ಕೈ ಹಾಕಿ. ಸ್ಕ್ರೂ ಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ಕೆಪಾಸಿಟರಿನ ಕಾಲನ್ನೂ ಬೋರ್ಡಿನ ತಾಮ್ರವನ್ನೂ ಸುಡುತ್ತದೆ.

ಕಣ್ಣಿಗೆ ಕಾಣುವುದನ್ನು ಮೊದಲು ನೋಡಿ. ಕೆಪಾಸಿಟರಿನ ನೆತ್ತಿ ಉಬ್ಬಿದೆಯೇ, ಬೆಸುಗೆಯ ಸುತ್ತ ಉಂಗುರದ ಹಾಗೆ ಬಿರುಕಿದೆಯೇ. ದೊಡ್ಡ ರೆಸಿಸ್ಟರ್, ರಿಲೇ (ಸ್ಪೀಕರಿಗೆ ಸಂಪರ್ಕ ಕೊಡುವ ಒಳಗಿನ ಸ್ವಿಚ್), ಹಿಂಬದಿಯ ಟರ್ಮಿನಲುಗಳ ಬೆಸುಗೆಯಲ್ಲಿ ಈ ಬಿರುಕು ಸಾಮಾನ್ಯ, ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು. ಫ್ಯಾನಿನ ಹಿಂದೆ ಹೀಟ್‌ಸಿಂಕಿನ ಬಾಯಿಯಲ್ಲಿ ಕಂಬಳಿಯ ಹಾಗೆ ಕೂತ ಧೂಳನ್ನು ಬ್ರಶ್‌ನಿಂದ ಒಣದಾಗಿ ತೆಗೆಯಿರಿ. ಘಟ್ಟದ ಮೇಲೆ ಆ ಧೂಳು ಕೆಂಪು, ಕಾರವಾರ ಅಂಕೋಲಾ ಕಡೆ ಬೂದು ಬಣ್ಣದ್ದಾಗಿ ಜಿಗುಟಾಗಿರುತ್ತದೆ. ಜಿಗುಟಿಗೆ ಕಾರಣ ಉಪ್ಪು, ಅದು ತೇವ ಹಿಡಿದು ಕರೆಂಟು ಸೋರುವ ದಾರಿಯಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ.

ಫ್ಯೂಸ್ ನೋಡಿ. ಸಿಗರೇಟ್ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿದ್ದು ಕಂಡರೆ ಆ ಆಂಪಿನ ಚರಿತ್ರೆ ಅಲ್ಲೇ ತಿಳಿಯುತ್ತದೆ. ಬರೆದಿರುವ ಆಂಪಿಯರಿನದನ್ನೇ ಹಾಕಿ.

ಈಗ ಸ್ಪೀಕರ್ ಇಲ್ಲದೆ, ಇನ್‌ಪುಟ್ ಇಲ್ಲದೆ, ಸೀರೀಸ್ ಬೋರ್ಡಿನ ಮೂಲಕ ಆನ್ ಮಾಡಿ. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ಒಂದೆರಡು ಸೆಕೆಂಡಿನಲ್ಲಿ ಮಂಕಾಗಬೇಕು, ತಂತಿ ಕೆಂಪಗೆ ಕಂಡರೆ ಸಾಕು. ಬೆಳಕು ಇಳಿಯದಿದ್ದರೆ ಒಳಗೆ ಶಾರ್ಟ್ ಇದೆ, ನಿಲ್ಲಿಸಿ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಆಂಪಾದರೆ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್ಫಾರ್ಮರ್) ತಂದು 60, 70 ವೋಲ್ಟಿನಿಂದ ಶುರುಮಾಡಿ ಗಂಟೆಯೊಳಗೆ ನಿಧಾನ 230ಕ್ಕೆ ಏರಿಸಿದರೆ ಕೆಪಾಸಿಟರುಗಳಿಗೆ ಒಳ್ಳೆಯದು.

ಬಲ್ಬ್ ಪರೀಕ್ಷೆ ದಾಟಿದ ಆಂಪನ್ನು ನೇರ ಪ್ಲಗ್ಗಿಗೆ ಹಾಕಿ, ರಿಲೇ ಟಕ್ ಎಂದ ಮೇಲೆ ಪ್ರತಿ ಕೆಂಪಿನಿಂದ ಕಪ್ಪಿಗೆ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ನಿಶ್ಚಿಂತೆ. 100 ಮೀರಿದರೆ ಆ ಚಾನೆಲ್ಲಿಗೆ ಚಿಕಿತ್ಸೆ ಬೇಕು. ಬ್ರಿಡ್ಜಿನಲ್ಲಿ ಒಂದು ಬದಿ ಪ್ಲಸ್ 80, ಇನ್ನೊಂದು ಬದಿ ಮೈನಸ್ 80 ಇದ್ದರೆ ಸ್ಪೀಕರ್ ಮೇಲೆ 160 ಮಿಲಿವೋಲ್ಟ್ ಸದಾ ಕೂತಿರುತ್ತದೆ. ಕೊನೆಗೆ ಮೀಟರನ್ನು ಎಸಿಗೆ ತಿರುಗಿಸಿ ರೈಲಿನ ಮೇಲಿನ ರಿಪಲ್ (ಡಿಸಿಯ ಮೇಲೆ ಉಳಿದ ಏರಿಳಿತ) ನೋಡಿ. ಏನೂ ನುಡಿಸದೆ ಇರುವಾಗಲೇ ಅರ್ಧ ವೋಲ್ಟ್ ಮೀರಿದರೆ ಫಿಲ್ಟರ್ ಕೆಪಾಸಿಟರ್ ಮುದಿಯಾಗಿದೆ, ಬೇಸಿಗೆ ಬೇಕಾದ ಕರೆಂಟನ್ನು ಅದು ಕೂಡಿಡಲಾರದು. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟ್, 105 ಡಿಗ್ರಿಯದನ್ನು ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಟ್ರಾನ್ಸಿಸ್ಟರ್ ಬದಲಿಸುವ ಸಂದರ್ಭ ಬಂದರೆ ಒಂದು ಎಚ್ಚರ. 2ಎಸ್‌ಸಿ5200, 2ಎಸ್‌ಎ1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಯ ನಕಲು ಮಾರುಕಟ್ಟೆ ತುಂಬ ಇವೆ. ಅಸಲಿನ ಕಾಲುಭಾಗ ಬೆಲೆಗೆ ಸಿಕ್ಕಿದ್ದು ಮೀಟರಿನಲ್ಲಿ ಸರಿಯಾಗಿಯೇ ತೋರಿಸಿ ಬ್ರಿಡ್ಜಿನಲ್ಲಿ ಹತ್ತು ನಿಮಿಷಕ್ಕೆ ಹೋಗುತ್ತದೆ. ಒಂದು ಸತ್ತರೂ ಆ ಬದಿಯ ಸಾಲನ್ನು ಪೂರ್ತಿ ಬದಲಿಸಿ, ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ಕೆರೆದು ಹೊಸದನ್ನು ತೆಳ್ಳಗೆ ಹಚ್ಚಿ, ಟ್ರಾನ್ಸಿಸ್ಟರಿನ ಅಡಿಯ ಹರಿದ ಮೈಕಾ ಹಾಳೆ ಬದಲಿಸಿ.

ಜೋಡಣೆ, ಒಂದೊಂದಾಗಿ

1. ಆಂಪ್ ಆಫ್, ಪ್ಲಗ್ ಹೊರಗೆ. ನುಡಿಸುತ್ತಿರುವಾಗ ಬ್ರಿಡ್ಜ್ ಸ್ವಿಚ್ ಮುಟ್ಟಬಾರದು.

2. ಸ್ವಿಚ್ಚಿನ ಹೆಸರನ್ನು ಎರಡು ಸಲ ಓದಿ. ಹಳೆ ಆಂಪುಗಳಲ್ಲಿ ಸ್ಟೀರಿಯೊ, ಪ್ಯಾರಲಲ್, ಬ್ರಿಡ್ಜ್ ಎಂದು ಮೂರು ಜಾಗ ಇರುತ್ತವೆ. ಕೆಲವು ಮಾದರಿಗಳಲ್ಲಿ ಪ್ಯಾರಲಲ್ ಮೋನೊಗೆ ಎರಡು ಕೆಂಪು ಟರ್ಮಿನಲುಗಳ ನಡುವೆ ದಪ್ಪ ತಂತಿ ಹಾಕಬೇಕು. ಹಿಂದಿನವರು ಹಾಕಿದ ಆ ತಂತಿ ಹಾಗೇ ಉಳಿದಿದ್ದು ನೀವು ಬ್ರಿಡ್ಜ್ ಮಾಡಿದರೆ ಎರಡು ಚಾನೆಲ್ ಒಂದರ ವಿರುದ್ಧ ಒಂದು ನೇರ ಹೊಡೆದಾಡುತ್ತವೆ. ಮೊದಲು ಅದನ್ನು ಕಿತ್ತುಹಾಕಿ.

3. ಸಿಗ್ನಲ್ ಒಂದನೇ ಚಾನೆಲ್ಲಿಗೆ ಮಾತ್ರ. ಎರಡನೆಯದರ ಇನ್‌ಪುಟ್ ಖಾಲಿ ಇರಲಿ.

4. ಎರಡನೇ ಚಾನೆಲ್ಲಿನ ವಾಲ್ಯೂಮ್ ಹೆಚ್ಚಿನ ಆಂಪುಗಳಲ್ಲಿ ಪೂರ್ತಿ ಕೆಳಗೆ. ಕೆಲವದರಲ್ಲಿ ಮಾತ್ರ ಎರಡೂ ಗುಂಡಿ ಕೆಲಸ ಮಾಡುತ್ತವೆ, ಆಗ ಎರಡೂ ಒಂದೇ ಗುರುತಿಗೆ. ಯಾವುದು ಎನ್ನುವುದು ಮುಂದಿನ ಮೀಟರ್ ಪರೀಕ್ಷೆಯಲ್ಲಿ ತಿಳಿಯುತ್ತದೆ.

5. ಸ್ಪೀಕರಿನ ಎರಡೂ ತಂತಿ ಎರಡು ಕೆಂಪಿಗೆ. ಹೆಚ್ಚಿನವುಗಳಲ್ಲಿ ಒಂದನೇ ಚಾನೆಲ್ಲಿನ ಕೆಂಪೇ ಪ್ಲಸ್, ಆದರೆ ಎಲ್ಲದರಲ್ಲೂ ಅಲ್ಲ, ಹಿಂಬದಿಯ ಚಿತ್ರ ನೋಡಿ. ಸ್ಪೀಕಾನ್ (ತಿರುಗಿಸಿ ಲಾಕ್ ಮಾಡುವ ಸ್ಪೀಕರ್ ಕನೆಕ್ಟರ್) ಸಾಕೆಟ್ ಇದ್ದರೆ ಹಲವು ಆಂಪುಗಳಲ್ಲಿ ಬ್ರಿಡ್ಜ್ ಸಿಗುವುದು ಒಂದನೇ ಸಾಕೆಟ್ಟಿನ 1 ಪ್ಲಸ್ ಮತ್ತು 2 ಪ್ಲಸ್ ಪಿನ್ನಿನಲ್ಲಿ. ಅದಕ್ಕೆಂದೇ ಬೇರೆ ಕೇಬಲ್ ಮಾಡಿ, ಎರಡೂ ತುದಿಗೆ ಕೆಂಪು ಟೇಪ್ ಸುತ್ತಿ.

6. ಕಪ್ಪು ಟರ್ಮಿನಲಿಗೆ ಏನನ್ನೂ ಕಟ್ಟಬೇಡಿ.

ಈ ಆರನೆಯದನ್ನು ಪಾಲಿಸಿಯೂ ಕಪ್ಪಿಗೆ ತಾಗಿಸುವ ದಾರಿಗಳಿವೆ. ಹಳೆ ಬಾಕ್ಸಿನ ಹಿಂದೆ ಕಾಲಿಂಚಿನ ಜಾಕ್ ಕೂರಿಸಿದ ಕಬ್ಬಿಣದ ತಟ್ಟೆ ನೋಡಿ. ಜಾಕಿನ ಹೊರ ಕವಚ ಆ ತಟ್ಟೆಗೆ ನೇರ ತಾಗಿರುತ್ತದೆ, ಕವಚವೇ ಸ್ಪೀಕರಿನ ಮೈನಸ್. ಸ್ಟೀರಿಯೊದಲ್ಲಿ ಮೈನಸ್ ಹೇಗೂ ಗ್ರೌಂಡ್, ತಾಗಿದರೆ ಏನೂ ಆಗುವುದಿಲ್ಲ. ಬ್ರಿಡ್ಜಿನಲ್ಲಿ ಅದು ಎರಡನೇ ಚಾನೆಲ್ಲಿನ ಜೀವಂತ ಔಟ್‌ಪುಟ್. ಆ ತಟ್ಟೆ ಪಕ್ಕದ ರ್‍ಯಾಕಿಗೆ, ಒದ್ದೆ ಕಬ್ಬಿಣದ ವೇದಿಕೆಗೆ, ಅರ್ಥ್ ಆದ ಕಂಬಕ್ಕೆ ತಾಗಿದ ಕ್ಷಣ ಎರಡನೇ ಚಾನೆಲ್ ಶಾರ್ಟ್. ಬ್ರಿಡ್ಜಿಗೆ ಕಾಲಿಂಚಿನ ಜಾಕ್ ಬಳಸಲೇಬೇಡಿ, ಸ್ಪೀಕಾನ್ ಕೂರಿಸಿ. ಎರಡು ಬೇರೆ ಆಂಪಿನಿಂದ ನಡೆಯುವ, ಒಳಗೆ ಮೈನಸ್ ಒಂದೇ ಆಗಿರುವ ಬಾಕ್ಸುಗಳೂ ಹಾಗೆಯೇ ಕಾಟ ಕೊಡುತ್ತವೆ.

ಇನ್ನೊಂದು ಮಾತು, ಕೈಯ ಸುರಕ್ಷತೆಯದು. 8 ಓಮಿಗೆ 900 ವಾಟ್ ಎಂದರೆ 85 ವೋಲ್ಟ್ ಎಸಿ, ಅಲೆಯ ತುತ್ತತುದಿಯಲ್ಲಿ 120. ಒದ್ದೆ ಕೈಗೆ ಅದು ಜೋರಾಗಿಯೇ ಹೊಡೆಯುತ್ತದೆ. ಕರೆಂಟಿನ ಬೋರ್ಡಿನಲ್ಲಿರುವ ಇಎಲ್‌ಸಿಬಿ ಇದಕ್ಕೆ ಟ್ರಿಪ್ ಆಗುವುದಿಲ್ಲ, ಏಕೆಂದರೆ ಈ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯದು. ಬರಿ ತಂತಿ ಹೊರಗೆ ಕಾಣುವ ಟರ್ಮಿನಲಿಗೆ ಮುಚ್ಚಳ ಬೇಕೇ ಬೇಕು.

ಕೇಬಲ್ ದಪ್ಪಕ್ಕೆ ಲೆಕ್ಕ ಕೊಡುವುದಾದರೆ: 20 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರ ಹಾಕಿದರೆ ಹೋಗಿ ಬರುವ ತಂತಿ ಸೇರಿ 0.28 ಓಮ್. 8 ಓಮಿಗೆ ಅದು ಮೂರು ಪ್ರತಿಶತ ಚಿಲ್ಲರೆ, ಪರವಾಗಿಲ್ಲ. ಅದೇ ದೂರಕ್ಕೆ 1.5ರ ತಂತಿಯಲ್ಲಿ 4 ಓಮ್ ನಡೆಸಿದರೆ ಹತ್ತರಲ್ಲಿ ಒಂದು ಪಾಲು ವಾಟ್ ತಂತಿ ಬಿಸಿ ಮಾಡಲಿಕ್ಕೇ ಹೋಗುತ್ತದೆ. ಆಂಪನ್ನು ಬಾಕ್ಸಿನ ಹತ್ತಿರ ಇಟ್ಟು ಸಿಗ್ನಲ್ ಕೇಬಲನ್ನು ಉದ್ದ ಎಳೆಯುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಸ್ಪೀಕರ್ ಕಟ್ಟುವ ಮೊದಲು ಮೀಟರಿನ ಸಾಕ್ಷಿ

ಮೊಬೈಲಿನಿಂದ 60 ಹರ್ಟ್ಸಿನ ಸೈನ್ ಟೋನ್ ಕೊಡಿ. 50 ಬೇಡ, ಕರೆಂಟಿನ ಗುಂಯ್‌ಗುಡುವಿಕೆಯೂ ಅದೇ ಆವರ್ತನದ್ದು, ಗೊಂದಲವಾಗುತ್ತದೆ. ವಾಲ್ಯೂಮ್ ಸ್ವಲ್ಪ ಏರಿಸಿ, ಮೀಟರ್ ಎಸಿ 200 ವೋಲ್ಟಿನಲ್ಲಿರಲಿ. ಒಂದನೇ ಕೆಂಪಿನಿಂದ ಅದರ ಕಪ್ಪಿಗೆ 10 ವೋಲ್ಟ್ ಬರುವ ತನಕ ತನ್ನಿ. ಎರಡನೆಯದರಲ್ಲೂ 10ರ ಆಸುಪಾಸು ಇರಬೇಕು. ಈಗ ಕೆಂಪಿನಿಂದ ಕೆಂಪಿಗೆ ಹಿಡಿಯಿರಿ, 20 ಬಂದರೆ ಬ್ರಿಡ್ಜ್ ಸರಿಯಾಗಿದೆ.

ಸೊನ್ನೆಯ ಹತ್ತಿರ ಬಂದರೆ ಎರಡೂ ಚಾನೆಲ್ ಒಂದೇ ದಿಕ್ಕಿಗೆ ಆಡುತ್ತಿವೆ: ಸ್ವಿಚ್ ಪ್ಯಾರಲಲ್‌ನಲ್ಲಿದೆ, ಇಲ್ಲವೇ ಅದರ ಒಳಗೆ ಹಸಿರು ಕಿಲುಬು ಹಿಡಿದು ತಾಗುತ್ತಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆಚೀಚೆ ಮಾಡಿ. 10 ಮತ್ತು 7 ಹೀಗೆ ಬಂದರೆ ಒಂದು ಬದಿಯ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎನ್ನುವುದು) ಕುಸಿದಿದೆ. ಅದನ್ನು ಹಾಗೇ ನಡೆಸಿದರೆ ಒಂದು ಚಾನೆಲ್ ಮೊದಲೇ ಕ್ಲಿಪ್ ಆಗುತ್ತದೆ (ವೋಲ್ಟೇಜ್ ಮಿತಿ ಮುಟ್ಟಿ ಅಲೆಯ ತುದಿ ಕತ್ತರಿಸಿಹೋಗುತ್ತದೆ), ಬಿಸಿಯ ಬಹುಪಾಲು ಅದರ ತಲೆಗೇ ಬೀಳುತ್ತದೆ. ಅರ್ಧ ವೋಲ್ಟ್ ವ್ಯತ್ಯಾಸ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ವಾಲ್ಯೂಮ್ ಗುಂಡಿ ಅಥವಾ ಇನ್‌ಪುಟ್ ಬೋರ್ಡ್ ನೋಡಬೇಕು.

ಆಸಿಲೋಸ್ಕೋಪ್ ಇರುವವರು ಅದರ ಗ್ರೌಂಡ್ ಕ್ಲಿಪ್ಪನ್ನು ಯಾವ ಕೆಂಪಿಗೂ ಹಾಕಬಾರದು, ಅರ್ಥ್ ಮೂಲಕ ಶಾರ್ಟ್ ಆಗುತ್ತದೆ.

ಕ್ರಾಸ್‌ಓವರ್ ಮತ್ತು ಲಿಮಿಟರ್

ಸ್ವರಗಳನ್ನು ಆವರ್ತನದಂತೆ ಬೇರ್ಪಡಿಸುವುದೇ ಕ್ರಾಸ್‌ಓವರ್. ಬೇಸ್ ಬಾಕ್ಸಿಗೆ 80ರಿಂದ 100 ಹರ್ಟ್ಸಿನ ಕೆಳಗಿನದಷ್ಟೇ ಹೋಗಲಿ. ಕೆಳ ತುದಿಯನ್ನೂ ಕತ್ತರಿಸಬೇಕು, ಇದನ್ನೇ ಹೆಚ್ಚಿನವರು ಬಿಡುತ್ತಾರೆ. ಪೋರ್ಟ್ ಇರುವ ಪೆಟ್ಟಿಗೆ 40 ಹರ್ಟ್ಸಿಗೆ ಶ್ರುತಿಯಾಗಿದ್ದರೆ ಅದರ ಕೆಳಗೆ ಕೋನಿಗೆ ಗಾಳಿಯ ಹಿಡಿತವೇ ಇರುವುದಿಲ್ಲ, ಶಬ್ದ ಬಾರದೆ ಕೋನ್ ಮಾತ್ರ ಹುಚ್ಚಾಗಿ ಕುಣಿಯುತ್ತದೆ. 35 ಹರ್ಟ್ಸಿಗೆ ಹೈ ಪಾಸ್ (ಅದರ ಕೆಳಗಿನದನ್ನು ತಡೆಯುವ ಫಿಲ್ಟರ್) ಹಾಕಿ. ಹಳೆ ಆಂಪ್ ಕೂಡ ಆ ಕೆಲಸಕ್ಕೆ ಬಾರದ ಕರೆಂಟಿನಿಂದ ಪಾರಾಗುತ್ತದೆ.

ಲಿಮಿಟರನ್ನು, ಅಂದರೆ ಸಿಗ್ನಲ್ ಮಿತಿ ದಾಟದಂತೆ ತಡೆಯುವ ಸಾಧನವನ್ನು, ಅಂದಾಜಿನಲ್ಲಿ ಇಡಬೇಡಿ. ಸ್ಪೀಕರಿನ ನಿರಂತರ ವಾಟ್ 500, 8 ಓಮ್ ಎಂದಿಟ್ಟುಕೊಳ್ಳಿ. 500 ಗುಣಿಸು 8, ಅದರ ವರ್ಗಮೂಲ 63 ವೋಲ್ಟ್. ಬ್ರಿಡ್ಜ್ ಆಂಪಿಗೆ 85ರ ತಾಕತ್ತಿದೆ, ಅಂದರೆ ಹಾಗೇ ಬಿಟ್ಟರೆ ಕಾಯಿಲ್‌ಗೆ 900 ವಾಟ್ ಹೋಗುತ್ತದೆ. ಸ್ಪೀಕರ್ ಕಿತ್ತು, ಆಂಪಿನ ವಾಲ್ಯೂಮ್ ಕಾರ್ಯಕ್ರಮದಲ್ಲಿ ಎಲ್ಲಿರುತ್ತದೋ ಅಲ್ಲೇ ಇಟ್ಟು, 60 ಹರ್ಟ್ಸ್ ಟೋನನ್ನು ಮಿಕ್ಸರಿನಿಂದ ಏರಿಸುತ್ತ ಹೋಗಿ. ಕೆಂಪಿನಿಂದ ಕೆಂಪಿಗೆ 63 ತೋರಿಸಿದಲ್ಲಿ ಲಿಮಿಟರ್ ಹಿಡಿಯುವಂತೆ ಮಿತಿ ಇಳಿಸಿ. ಮಿಕ್ಸರ್ ಇನ್ನೂ ಏರಿಸಿದರೂ ಮೀಟರ್ 63 ದಾಟಬಾರದು. ಆಮೇಲೆ ಆಂಪಿನ ಗುಂಡಿಗೆ ಟೇಪ್ ಹಚ್ಚಿ, ಯಾರೋ ಬಂದು ತಿರುಗಿಸಿದರೆ ಈ ಲೆಕ್ಕವೆಲ್ಲ ಹೊಳೆ ಪಾಲು.

ಎರಡು ಬೇರೆ ಕಂಪನಿಯ ಆಂಪುಗಳಿಂದ ಎರಡು ಬೇಸ್ ಬಾಕ್ಸ್ ನಡೆಸುವಾಗ ದಿಕ್ಕು ತಾಳೆಯಾಗುತ್ತದೆಯೇ ನೋಡಿ. ಈಗಿನವುಗಳಲ್ಲಿ ಎಕ್ಸ್‌ಎಲ್‌ಆರ್‌ನ (ಮೂರು ಪಿನ್ನಿನ ಸಿಗ್ನಲ್ ಕನೆಕ್ಟರ್) 2ನೇ ಪಿನ್ ಪ್ಲಸ್, ಕೆಲವು ಹಳೆಯವುಗಳಲ್ಲಿ 3ನೆಯದು. ಎರಡು ಬಾಕ್ಸನ್ನು ಪಕ್ಕಪಕ್ಕ ಇಟ್ಟು ಒಂದೇ ಬೇಸ್ ಹಾಡು ನುಡಿಸಿ, ಒಂದರ ಸ್ಪೀಕರ್ ತಂತಿ ಅದಲುಬದಲು ಮಾಡಿ. ಯಾವುದರಲ್ಲಿ ಎದೆಗೆ ಹೊಡೆಯುತ್ತದೋ ಅದು ಸರಿ.

ಗದ್ದೆಯಲ್ಲಿ, ಕಡಲದಂಡೆಯಲ್ಲಿ

ಸಿರಸಿಯ ಮಾರಿಕಾಂಬಾ ಜಾತ್ರೆಯಂಥ ದೊಡ್ಡ ಗದ್ದಲ ಎರಡು ವರ್ಷಕ್ಕೊಮ್ಮೆ. ವರ್ಷಪೂರ್ತಿ ನಡೆಯುವುದು ಹಳ್ಳಿಯ ತೇರು, ಗಣಪತಿ, ಮದುವೆ, ಶಾಲೆಯ ವಾರ್ಷಿಕೋತ್ಸವ. ಅಲ್ಲೆಲ್ಲ ಮೊದಲ ಶತ್ರು ಸಂಜೆಯ ಲೋ ವೋಲ್ಟೇಜು. ಹೆಸ್ಕಾಂ ಲೈನಿನ ತುದಿಯ ಮಜರೆಯಲ್ಲಿ 230 ಇಳಿದು 180ಕ್ಕೆ ಬಂತೆನ್ನಿ, ಮಾಮೂಲಿ ಟ್ರಾನ್ಸ್‌ಫಾರ್ಮರ್ ಇರುವ ಆಂಪಿನ ರೈಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 900 ವಾಟ್ 550ಕ್ಕೆ ಕುಸಿಯುತ್ತದೆ. 85 ವೋಲ್ಟಿನ ಮಿತಿ 66 ಆಗುತ್ತದೆ, 63ಕ್ಕೆ ಇಟ್ಟ ಲಿಮಿಟರ್ ಈಗಲೂ ಕಷ್ಟದಲ್ಲಿ ಕಾಪಾಡುತ್ತದೆ. ಲಿಮಿಟರ್ ಇಲ್ಲದವರು ಶಬ್ದ ಸಾಲದೆಂದು ಏರಿಸುತ್ತಾರೆ, ಆಂಪ್ ಕ್ಲಿಪ್ ಆಗುತ್ತಲೇ ಇರುತ್ತದೆ, ಕಾಯಿಲ್ ಸುಟ್ಟ ವಾಸನೆ ಬರುತ್ತದೆ.

ಎರಡನೇ ಶತ್ರು ಸಡಿಲ ನ್ಯೂಟ್ರಲ್. ಮೂರು ಫೇಸಿನ ಪೆಂಡಾಲ್ ಬೋರ್ಡಿನಲ್ಲಿ ನ್ಯೂಟ್ರಲ್ ಕಿತ್ತರೆ ಒಂದು ಸಾಕೆಟ್ಟಿನಲ್ಲಿ 400ರ ಹತ್ತಿರ ಹೋಗಬಹುದು. ಪ್ಲಗ್ ಹಾಕುವ ಮೊದಲು ಸಾಕೆಟ್ ಅಳೆಯಿರಿ, ಲೈಟಿನವರು ಅವರ ಲೋಡ್ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ.

ಇಂಥ ಒಂದು ಬ್ರಿಡ್ಜ್ ಆಂಪ್ ಜೋರು ಹಾಡಿನಲ್ಲಿ ಸರಾಸರಿ ತನ್ನ ವಾಟಿನ ಮೂರರಲ್ಲೊಂದು ಪಾಲು ನುಡಿಸಿದರೂ ಗೋಡೆಯಿಂದ 3 ಆಂಪಿಯರ್ ಎಳೆಯುತ್ತದೆ, ಡ್ರಮ್ಮಿನ ಏಟಿಗೆ ಕ್ಷಣಕಾಲ ಅದರ ಎರಡರಷ್ಟಕ್ಕೂ ಹೆಚ್ಚು. ಮನೆಯೊಂದರ ಐದು ಆಂಪಿಯರ್ ಸಾಕೆಟ್ಟಿನಿಂದ ಇಂಥ ಮೂರು ಆಂಪುಗಳನ್ನು ನಡೆಸುವುದು ಬೇಡ. ಮೀಟರ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರ್ ತಂತಿ ಎಳೆದು 16 ಆಂಪಿಯರ್ ಸಾಕೆಟ್ ಮಾಡಿಕೊಳ್ಳಿ. ಜನರೇಟರಾದರೆ ಬರೆದಿರುವ ಕೆವಿಎಯ ಅರ್ಧಕ್ಕೇ ನಿಲ್ಲಿಸಿ. ಬೇಸಿಗೆ ತಕ್ಕ ಹಾಗೆ ಲೈಟು ಮಿನುಗುತ್ತಿದ್ದರೆ ಅದು ಸೋತಿದೆ ಎಂದೇ ಅರ್ಥ. ಆಂಪುಗಳನ್ನು ಐದೈದು ಸೆಕೆಂಡ್ ಬಿಟ್ಟು ಒಂದೊಂದಾಗಿ ಆನ್ ಮಾಡಿ. ಹಮ್ಮಿಂಗ್ ಬರುತ್ತದೆಂದು ಪ್ಲಗ್ಗಿನ ಮೂರನೇ ಕಾಲು ಮುರಿಯಬೇಡಿ. ಫೆಬ್ರುವರಿ ಮಾರ್ಚಿನ ಒಣ ಚಿರೇಕಲ್ಲಿನ ನೆಲದಲ್ಲಿ ಅರ್ಥ್ ಸಲಾಕೆ ಹುಗಿದರೆ ಅದರ ಸುತ್ತ ಎರಡು ಕೊಡ ನೀರು ಹೊಯ್ಯಿರಿ.

ಬೇಸ್ ಬಾಕ್ಸನ್ನು ಹಲಗೆಯ ವೇದಿಕೆಯ ಮೇಲಿಡಬೇಡಿ, ನೆಲಕ್ಕಿಡಿ. ಯಕ್ಷಗಾನದಲ್ಲಂತೂ ಮದ್ದಳೆಯ ಮೈಕು ಹಲಗೆಯ ನಡುಕವನ್ನೇ ಹಿಡಿದು ಊಳಿಡತೊಡಗುತ್ತದೆ. ಆಟಕ್ಕೆ ಮದ್ದಳೆಯ ತಗ್ಗಿನ ನಾದಕ್ಕೆ ಬೇಕಾದಷ್ಟೇ ಬೇಸ್ ಸಾಕು, ಭಾಗವತರ ಮೈಕನ್ನು ಬೇಸ್ ಲೈನಿಗೆ ಸೇರಿಸಲೇಬೇಡಿ. ತಾಳಮದ್ದಳೆಗೆ ಬೇಸ್ ಬಾಕ್ಸ್ ಗಾಡಿಯಿಂದ ಇಳಿಸುವುದೇ ದಂಡ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ, ಆಸ್ಪತ್ರೆ, ಶಾಲೆ, ಕೋರ್ಟಿನ 100 ಮೀಟರ್ ಸುತ್ತಲನ್ನು ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ದೂರು ಬರುವುದು ಹೆಚ್ಚಾಗಿ ಬೇಸಿನಿಂದಲೇ, ಅದು ಗೋಡೆ ದಾಟಿ ಹೋಗುತ್ತದೆ.

ಲಕ್ಷಣ ನೋಡಿ ರೋಗ ತಿಳಿಯುವುದು

ಆನ್ ಮಾಡಿದೊಡನೆ ಕೋನ್ ಮುಂದೆ ಬಂದು ಅಲ್ಲೇ ನಿಂತರೆ ಡಿಸಿ ಬರುತ್ತಿದೆ, ಆ ಕ್ಷಣವೇ ಪ್ಲಗ್ ಕೀಳಿ. ಶಬ್ದ ಅರ್ಧಕ್ಕಿಳಿದು ಒಡೆದ ಹಾಗೆ ಕೇಳಿದರೆ ಒಂದು ಚಾನೆಲ್ ಸುಮ್ಮನಾಗಿದೆ, ಕೆಂಪಿನಿಂದ ಕಪ್ಪಿಗೆ ಬೇರೆ ಬೇರೆ ಅಳೆದರೆ ಯಾವುದೆಂದು ಸಿಗುತ್ತದೆ. ಅರ್ಧ ಗಂಟೆ ನುಡಿದು ನಿಂತು, ತಣ್ಣಗಾದ ಮೇಲೆ ಮತ್ತೆ ನುಡಿದರೆ ಫ್ಯಾನ್ ನಿಂತಿದೆ ಅಥವಾ ಓಮ್ ಕಡಿಮೆಯಾಗಿದೆ. ಆಂಪಿನ ಮೇಲೆ ಟಾರ್ಪಾಲ್ ಹೊದಿಸುವುದು, ರ್‍ಯಾಕಿನಲ್ಲಿ ಸಂದಿಲ್ಲದೆ ಒಂದರ ಮೇಲೊಂದು ಪೇರಿಸುವುದು ಇದಕ್ಕೇ ದಾರಿ. ಬೇಸಿನ ಏಟಿಗೆ ಮಾತ್ರ ಪ್ರೊಟೆಕ್ಟ್ ದೀಪ ಹತ್ತಿದರೆ ಕೇಬಲಿನ ಕನೆಕ್ಟರಿನೊಳಗೆ ಒಂದೆಳೆ ತಂತಿ ಆಚೆ ತಾಗುತ್ತಿರಬಹುದು, ಅದನ್ನು ಬಿಚ್ಚಿ ನೋಡಿ. ಸಣ್ಣ ಶಬ್ದದಲ್ಲಿ ಕರಕರ, ದೊಡ್ಡದಾಗಿಸಿದರೆ ಸರಿ ಎಂದಾದರೆ ರಿಲೇ ಕಾಂಟ್ಯಾಕ್ಟ್ ಕಪ್ಪಾಗಿದೆ. ಆಲ್ಕೊಹಾಲಿನಲ್ಲಿ ನೆನೆಸಿದ ಗಟ್ಟಿ ಕಾಗದದ ಪಟ್ಟಿಯನ್ನು ಆ ಕಾಂಟ್ಯಾಕ್ಟ್ ಎಲೆಗಳ ನಡುವೆ ಎಳೆಯಿರಿ. ಮರಳುಕಾಗದ ಹಾಕಿದರೆ ಮೇಲಿನ ಲೇಪ ಹೋಗಿ ತಿಂಗಳೊಳಗೆ ಮತ್ತೆ ಕೆಡುತ್ತದೆ.

ಮಳೆಗಾಲದ ನಾಲ್ಕು ತಿಂಗಳು

ಸೀಸನ್ ಮುಗಿದು ಜೂನಿನಲ್ಲಿ ಮೂಲೆಗಿಟ್ಟ ಆಂಪ್ ಗಣಪತಿ ಹಬ್ಬಕ್ಕೆ ತೆಗೆದಾಗ ಕೆಟ್ಟಿರುವುದು ಕರಾವಳಿಯ ಮಾಮೂಲಿ. ನೆಲದ ಮೇಲೆ ಇಡಬೇಡಿ, ಗೋಡೆಗೆ ತಾಗಿಸಬೇಡಿ. ಫ್ಯಾನಿನ ಕಿಂಡಿಗೆ ನೈಲಾನ್ ಸೊಳ್ಳೆಪರದೆಯ ತುಂಡು ಕಟ್ಟಿ, ಇಲ್ಲವಾದರೆ ಹಲ್ಲಿ ಒಳಗೆ ಸೇರಿ ರೈಲಿನ ಎರಡು ಬಿಂದುಗಳ ನಡುವೆ ಸೇತುವೆಯಾಗುತ್ತದೆ. ನುಡಿಸುವಾಗ ಅದನ್ನು ತೆಗೆಯಬೇಕು. ಹದಿನೈದು ದಿನಕ್ಕೊಮ್ಮೆ ಸ್ಪೀಕರ್ ಇಲ್ಲದೆ ಒಂದು ಗಂಟೆ ಆನ್ ಇಟ್ಟರೆ ಒಳಗಿನ ತೇವ ಆರುತ್ತದೆ, ಕೆಪಾಸಿಟರೂ ಚಾಲ್ತಿಯಲ್ಲಿರುತ್ತದೆ. ಬ್ರಿಡ್ಜ್ ಸ್ವಿಚ್ಚನ್ನು ಸ್ಟೀರಿಯೊಗೆ ಮರಳಿಸಿಯೇ ಇಡಿ. ಸೆಪ್ಟೆಂಬರಿನಲ್ಲಿ ಗಡಿಬಿಡಿಯಲ್ಲಿ ತೆಗೆಯುವ ಹುಡುಗನಿಗೆ ಅದು ಬ್ರಿಡ್ಜಿನಲ್ಲಿದೆ ಎಂದು ಗೊತ್ತಿರುವುದಿಲ್ಲ, ಅವನು ಎರಡು ಬಾಕ್ಸನ್ನು ಮಾಮೂಲಿನಂತೆ ಎರಡು ಚಾನೆಲ್ಲಿಗೆ ಹಾಕಿ, ಒಂದು ಬಾಕ್ಸ್ ಉಲ್ಟಾ ಆಡುತ್ತಿರುವುದು ತಿಳಿಯದೆ ಬೇಸ್ ಎಲ್ಲಿ ಹೋಯಿತೆಂದು ಹುಡುಕುತ್ತಾನೆ.